ಬ್ರಷ್ ಬಿಟ್ಟು ದಬ್ಬಣ ಹಿಡಿದೆ

ನಾನು ಬೋರ್ಡ್ ಬರೆಯುವವನು. ಕುಮಟೆಯಲ್ಲಿ ಮೂವತ್ತು ವರ್ಷ ಆಯ್ತು. ಕಿರಾಣಿ ಅಂಗಡಿ, ಕೋಳಿ ಸೆಂಟರ್, ದೋಣಿ ಹೆಸರು, ಚುನಾವಣೆ ಗೋಡೆ, ಎಲ್ಲ ಬರೆದಿದ್ದೇನೆ. ಫ್ಲೆಕ್ಸ್ ಬಂದ ಮೇಲೆ ನಮ್ಮ ಗತಿ ಏನಾಯ್ತು ಅಂತ ಈ ಕಸುಬಿನವರಿಗೆ ಹೇಳಬೇಕಾಗಿಲ್ಲ. ಐವತ್ತೆರಡನೇ ವಯಸ್ಸಿಗೆ, ಸುಣ್ಣದ ಗೋಡೆಯಲ್ಲಿ ಕೆಂಪು-ಬಿಳಿ ಚಿತ್ರ ಮಾಡುವ ಕಾವಿ ಕಲೆ ಕಲಿಯುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಈಗ ನನ್ನ ಗೋಡೆ ಎರಡನೇ ಮಳೆಗಾಲವನ್ನೂ ದಾಟಿ ನಿಂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಪಾಪ ಮೊದಲು ಹೇಳಿಬಿಡುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಂದು ಹಳೇ ಗುಡಿಯ ಕಾವಿ ಗೋಡೆಗೆ ನಾನೇ ಆಯಿಲ್ ಪೇಂಟ್ ಹೊಡೆದಿದ್ದೆ. ಎರಡು ಕೋಟ್, ₹4,000. ಕೆಂಪು ಹೂಬಳ್ಳಿ ಒಂದೊಂದೇ ಮುಚ್ಚುತ್ತಾ ಹೋಯಿತು. ಆಗ ನನಗೆ ಏನೂ ಅನಿಸಲಿಲ್ಲ. ಮುಂದೆ ಆ ಗೋಡೆಯನ್ನೇ ಒಡೆದು ಟೈಲ್ಸ್ ಹಾಕಿದರು.

ನಾಲ್ಕು ವರ್ಷದ ಹಿಂದೆ ಶಿರಸಿಗೆ ಹೋಗಿದ್ದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ನೆ ಮಾರಿಕಾಂಬಾ ಗುಡಿಗೆ ಹೋಗಿ ಅಲ್ಲಿಯ ಕಾವಿ ಚಿತ್ರ ನೋಡುತ್ತಾ ನಿಂತೆ. ಅಡ್ಡ ಬೆಳಕು ಬಿದ್ದಾಗ ಗೊತ್ತಾಯಿತು, ಬಿಳಿ ಗೆರೆಗಳು ಕೆಂಪಿಗಿಂತ ಒಂದು ಕೂದಲು ಒಳಗಿವೆ. ಬಿಳಿ ಬರೆದದ್ದಲ್ಲ, ಕೆಂಪು ಕೆರೆದು ತೆಗೆದದ್ದು. ಕಾವಿ ಅಂದರೇನು ಅಂತ ಗೊತ್ತಿರಲಿಲ್ಲ ಅಂತಲ್ಲ. ಆದರೆ ಬ್ರಷ್ ಹಿಡಿದವನ ಕಣ್ಣು ಅದನ್ನು ಯಾವತ್ತೂ ಬಣ್ಣ ಅಂತಲೇ ಓದಿತ್ತು. ದೇವಿಮನೆ ಘಟ್ಟ ಇಳಿಯುವ ತನಕ ಅದೇ ತಲೆಯಲ್ಲಿತ್ತು.

ನಮ್ಮ ಕಡೆ ಒಬ್ಬ ಹಳೇ ಗೌಂಡಿ ಇದ್ದಾರೆ. ಹುಡುಗನಾಗಿದ್ದಾಗ ಕಾವಿ ಕೆಲಸಕ್ಕೆ ಸುಣ್ಣ ಕುಟ್ಟಿದವರು. ಕೇಳಲು ಹೋದರೆ, "ತಮಾ, ನೀ ಬಣ್ಣದವ. ಇದು ಗಾರೆ ಕೆಲಸ. ನಿನ್ನ ಕೈಲಿ ಆಗೂದಲ್ಲ ಬಿಡು" ಅಂದರು. ಅವರ ಮಾತು ಒಂದೂವರೆ ವರ್ಷ ಸರಿಯಾಗಿಯೇ ಇತ್ತು.

ಮೊದಲ ಸಲ ಅಂಗಡಿಯ ಚೀಲದ ಸುಣ್ಣ ತಂದೆ. ಮನೆಯ ಹಿತ್ತಿಲ ಕಡೆಯ ಸಿಮೆಂಟ್ ಗೋಡೆ, ಆರು ಅಡಿಗೆ ನಾಲ್ಕು ಅಡಿ. ಎಂಟೇ ದಿನಕ್ಕೆ ಹಪ್ಪಳದ ಹಾಗೆ ಎದ್ದು ಬಂತು. ಗೋಡೆಗೆ ಕಚ್ಚು ಹೊಡೆದು ಮತ್ತೆ ಹಚ್ಚಿದೆ. ಅದು ಜೂನ್ ತಿಂಗಳು. ಬೋರ್ಡ್ ಕೆಲಸ ಇಲ್ಲದ ಕಾಲ ಅಂತ ಆರಿಸಿಕೊಂಡಿದ್ದೆ, ಬುದ್ಧಿ ನೋಡಿ. ಸುಣ್ಣ ಬಿಗಿಯುವ ಮೊದಲೇ ಹಸಿರು ಪಾಚಿ ಹತ್ತಿತು.

ಮೂರನೇ ಸಲ ಅಘನಾಶಿನಿ ಕಡೆಯ ಚಿಪ್ಪಿ ಸುಣ್ಣ ಮಾಡಿಸಿ ತಂದೆ. ಬಿಳಿ ಗಾರೆ ಬೆಣ್ಣೆಯ ಹಾಗೆ ಬಂತು. ಆದರೆ ಮರಳನ್ನು ಖರ್ಚು ಉಳಿಸಲು ಹೋಗಿ ಉಪ್ಪು ನೀರಿನ ಕಡೆಯಿಂದ ತಂದಿದ್ದೆ. ಎರಡು ಬಾರಿ ತೊಳೆದೆ, ಸಾಕು ಅಂದುಕೊಂಡೆ. ಎರಡು ತಿಂಗಳಿಗೆ ಕೆಂಪಿನ ಮೇಲೆಲ್ಲ ಬಿಳಿ ಉಪ್ಪು ಹೂವಿನ ಹಾಗೆ ಎದ್ದಿತು, ಥೇಟ್ ಸಾಣಿಕಟ್ಟೆಯ ಉಪ್ಪಿನ ಆಗರ. ಹೆಂಡತಿ ನೆಕ್ಕಿ ನೋಡಿ, "ಇನ್ನು ಅಡುಗೆಗೆ ಉಪ್ಪು ತರೂದು ಬೇಡ" ಅಂದಳು. ಆ ಹೊತ್ತಿಗೆ ಹತ್ತಿರ ಹತ್ತಿರ ₹40,000 ಹೋಗಿತ್ತು. ಅದರಲ್ಲಿ 15,000 ಅವಳ ಸಂಘದ ಸಾಲ. ಹಾಗಾಗಿ ನಗಲೂ ಆಗಲಿಲ್ಲ, ಜಗಳ ಆಡಲೂ ಆಗಲಿಲ್ಲ.

ಆಮೇಲೆ ಹೊಳೆಯ ಸಿಹಿನೀರಿನ ಮರಳು ತಂದೆ, ಐದು ನೀರು ತೊಳೆದೆ. ಸುಣ್ಣ, ಮರಳು, ಬೆಲ್ಲ ಕಲಸಿ ಹದಿನೈದು ದಿನ ಕೊಳೆಯಲು ಬಿಟ್ಟು ಕುಟ್ಟಿದೆ. ಯಂತ್ರದಲ್ಲಿ ಅರೆಸಿದ್ದೂ ಉಂಟು, ಆ ಅಂಟು ಬರಲಿಲ್ಲ. ಕುಟ್ಟಲೇಬೇಕು, ಭುಜ ಹೋದರೂ. ಬಿಳಿ ಅಡಿಪದರ ಹಸಿ ಇರುವಾಗಲೇ ಮೇಲೆ ಹುರ್ಮುಂಜಿ, ಅಂದರೆ ಕೆಮ್ಮಣ್ಣಿನ ಕೆಂಪು ಪದರ, ತೆಳ್ಳಗೆ. ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತದ್ದನ್ನು ಮಾತ್ರ ತೆಗೆದುಕೊಂಡೆ.

ನಿಜವಾದ ಆಟ ಕೆರೆಯುವ ಹೊತ್ತಿನದು. ಬೇಗ ಕೆರೆದರೆ ಕೆಂಪು ಬಿಳಿಗೆ ಮೆತ್ತುತ್ತದೆ. ತಡವಾದರೆ ಗೆರೆಯ ಅಂಚು ಹೆಂಟೆ ಹೆಂಟೆಯಾಗಿ ಉದುರುತ್ತದೆ. ಹೆಬ್ಬೆರಳು ಒತ್ತಿದರೆ ಗುರುತು ಉಳಿಯಬೇಕು, ಬೆರಳಿಗೆ ಬಣ್ಣ ಹತ್ತಬಾರದು. ಅಲ್ಲಿಂದ ನನಗೆ ಸಿಗುವುದು ಎರಡೂವರೆ, ಮೂರು ತಾಸು. ಹಾಗಾಗಿ ಒಮ್ಮೆಗೆ ನಾಲ್ಕೈದು ಚದರಡಿಗಿಂತ ಜಾಸ್ತಿ ಕೆಂಪು ಹಚ್ಚುವುದಿಲ್ಲ. ಜೋಡು ಕಾಣದ ಹಾಗೆ ಅಂಚುಪಟ್ಟಿಯ ಗೆರೆ ಅಲ್ಲೇ ಬರುವಂತೆ ಮೊದಲೇ ಹಂಚಿಕೊಳ್ಳುತ್ತೇನೆ. ಗೋಣಿ ಹೊಲಿಯುವ ದಬ್ಬಣ, ಸೈಕಲ್ ಕಡ್ಡಿ ಮಸೆದದ್ದು, ಮೊಳೆ-ದಾರದ ಕೈವಾರ, ಇಷ್ಟೇ ಸಾಮಾನು.

ಕೈ ತಿದ್ದಿಕೊಳ್ಳಲು ಬಹಳ ಕಷ್ಟಪಟ್ಟೆ. ಬೋರ್ಡಿನಲ್ಲಿ ತಪ್ಪಿದರೆ ಟರ್ಪೆಂಟೈನ್ ಬಟ್ಟೆ ಉಂಟಲ್ಲ, ಇಲ್ಲಿ ತಪ್ಪಿದ್ದು ತಪ್ಪಿದ್ದೇ. ನನ್ನ ಮೊದಲ ಗರುಡ ಕೋಳಿ ಸೆಂಟರ್‌ನ ಕೋಳಿಯಾಗಿಯೇ ಬಂತು. ಅಷ್ಟು ವರ್ಷ ಅದನ್ನೇ ಬರೆದ ಕೈ, ಎಂತ ಮಾಡೂದು?

ನಡುವೆ ಚೇಷ್ಟೆಗಳೂ ನಡೆದವು. ಆರತಿ ನೀರಿಗೆ ಅರಿಶಿನ-ಸುಣ್ಣ ಸೇರಿ ಕೆಂಪಾಗುತ್ತದೆ ಅಲ್ವಾ? ಹಾಗಾದರೆ ಹುರ್ಮುಂಜಿಯ ರಗಳೆ ಯಾಕೆ ಅಂತ ಅರಿಶಿನ ಹಾಕಿದೆ. ಏನು ಬಣ್ಣ ಬಂತು ಗೊತ್ತಾ! ಬಿಸಿಲಿಗೆ ಒಂದು ತಿಂಗಳೂ ನಿಲ್ಲಲಿಲ್ಲ. ಹಂಚಿನ ಮೇಲೆ ಸಣ್ಣ ಚಿತ್ರ ಮಾಡಿ ಮಾರುವ ಯೋಚನೆ ಅರ್ಧ ಗೆದ್ದಿದೆ. ಹಂಚನ್ನು ರಾತ್ರಿಯಿಡೀ ನೆನೆಸದಿದ್ದರೆ ಅದು ಗಾರೆಯ ನೀರೆಲ್ಲ ಹೀರಿಬಿಡುತ್ತದೆ.

ನಾನು ಹೆಮ್ಮೆ ಪಡುವುದು ಅಕ್ಷರದ ಬಗ್ಗೆ. ಒಬ್ಬರ ತುಳಸಿಕಟ್ಟೆ ಮತ್ತು ಜಗಲಿ ಗೋಡೆಗೆ ಕಾವಿ ಮಾಡಿ, ಬಾಗಿಲ ಮೇಲೆ ಮನೆಯ ಹೆಸರನ್ನೂ ಕನ್ನಡದಲ್ಲಿ ಕೆರೆದೆ. ಒತ್ತಕ್ಷರದ ಸಂದಿಯಲ್ಲಿ ಕೆಂಪು ಉಳಿಸುವುದು ಎಂಥ ಕೆಲಸ ಅಂತ ಅಕ್ಷರದವರಿಗೇ ಗೊತ್ತು. 36 ಚದರಡಿ, ಅಡಿಗೆ ₹650. ಸಾಮಾನಿಗೆ ಏಳು ಸಾವಿರ ಹೋಗಿರಬೇಕು, ಹತ್ತೊಂಬತ್ತು ದಿನ ಹಿಡಿಯಿತು. ಲೆಕ್ಕ ಹಾಕಿದರೆ ಪೇಂಟಿಂಗ್ ಕೂಲಿಗಿಂತ ದೊಡ್ಡ ಲಾಭವೇನಲ್ಲ.

ಎರಡು ಮಳೆ ದಾಟಿರುವುದು ಆ ಗೋಡೆಯೇ. ಹಳೇ ಗೌಂಡಿ ಹೋದ ವಾರ ಬಂದು ಉಗುರಲ್ಲಿ ಗೀರಿ ನೋಡಿದರು. "ಸುಣ್ಣ ಕೂತಿದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹೆಸರು ಬರಿಬಾರದಿತ್ತು" ಅಂತಲೂ ಅಂದರು. ಅವರ ಪ್ರಕಾರ ಕಾವಿ ದೇವರಿಗೆ, ಹೂವಿಗೆ ಮಾತ್ರ. ನಾನು ಒಪ್ಪುವುದಿಲ್ಲ, ಆದರೆ ಎದುರಾಡಲಿಲ್ಲ.

ಬೆಲ್ಲ ಎಷ್ಟು ಹಾಕುತ್ತೀರಿ ಅಂತ ಈಗಾಗಲೇ ಮೂರು ಜನ ಫೋನ್ ಮಾಡಿದ್ದಾರೆ. ಅದನ್ನು ಹೇಳೂದಿಲ್ಲ. ರಾತ್ರಿ ಗೋಡೆಗೆ ಚಿಮುಕಿಸುವ ನೀರಿಗೆ ಏನು ಸೇರಿಸುತ್ತೇನೆ ಅನ್ನುವುದನ್ನೂ ಹೇಳೂದಿಲ್ಲ. ನನ್ನ ನಲವತ್ತು ಸಾವಿರ ಇನ್ನೂ ಪೂರ್ತಿ ತಿರುಗಿ ಬಂದಿಲ್ಲ.

ದೀಪಾವಳಿ ಕಳೆದ ಮೇಲೆ ಅಂಕೋಲೆಯಲ್ಲಿ 60 ಚದರಡಿಯ ಕೆಲಸ ಇದೆ. ಅವರಿಗೆ ಆನೆ ಬೇಕಂತೆ, ಎದುರುಬದುರು ಎರಡು. ಸೊಂಡಿಲಿನ ತಿರುವು ನನಗೆ ಇನ್ನೂ ಕೂತಿಲ್ಲ. ಬೆಲ್ಲ ಮಾತ್ರ ಮೊನ್ನೆಯೇ ತಂದಿಟ್ಟಿದ್ದೇನೆ, ಅದಕ್ಕೆ ಆಗಲೇ ಇರುವೆ ಹತ್ತಿದೆ.