ಪಟ್ಟದ ಕತ್ತಿ, ಛತ್ರಿ, ಚಾಮರ: ಹಬ್ಬ ಮುಗಿದ ಮೇಲೆ ಹೀಗೆ ಎತ್ತಿಡಿ

ಮಧುಗಿರಿ, ಪಾವಗಡ, ಚಿಕ್ಕಬಳ್ಳಾಪುರದ ಕಡೆ ಪಾಳೆಯಗಾರರ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಆದರೆ ಹಳೇ ಕತ್ತಿ, ಬೆಳ್ಳಿ ದಂಡ, ಛತ್ರಿ, ಚಾಮರ ಕೆಲವು ಮನೆಗಳ ಪೆಟ್ಟಿಗೆಯಲ್ಲಿ, ದೇವಸ್ಥಾನದ ಉಗ್ರಾಣದಲ್ಲಿ ಇನ್ನೂ ಇವೆ. ಕಳ್ಳತನದ ಭಯಕ್ಕೆ ದೊಡ್ಡ ಬೀಗ ಹಾಕುತ್ತೇವೆ, ಸರಿ. ಅದಕ್ಕಿಂತ ಜಾಸ್ತಿ ಅವು ಹಾಳಾಗುವುದು ನಮ್ಮ ಕೈಯಲ್ಲೇ, ಅದೂ ಹಬ್ಬದ ದಿನ.

ಆಯುಧ ಪೂಜೆಯಲ್ಲಿ ಅಲಗಿಗೆ ಕುಂಕುಮ ಹಚ್ಚಿ, ತುದಿಗೆ ನಿಂಬೆಹಣ್ಣು ಚುಚ್ಚುತ್ತೇವೆ ಅಲ್ವಾ? ನಮ್ಮ ಮನೆಯ ಕತ್ತಿಯಲ್ಲಿ ಒಂದು ವರ್ಷ ಆ ಹಣ್ಣನ್ನು ಮೂರು ದಿನ ಹಾಗೇ ಬಿಟ್ಟಿದ್ದೆ. ತೆಗೆದಾಗ ಬೆರಳಗಲ ಕಪ್ಪು ಕಲೆ, ಮುಟ್ಟಿದರೆ ತರಿತರಿ. ಅದು ಇವತ್ತಿಗೂ ಹೋಗಿಲ್ಲ. ಹಣ್ಣನ್ನು ಪಕ್ಕದ ತಟ್ಟೆಯಲ್ಲಿಡಿ, ಕುಂಕುಮವನ್ನು ಹಿಡಿಗೆ ಕಟ್ಟಿದ ದಾರಕ್ಕೆ ಹಚ್ಚಿ. ಪೂಜೆ ಮುಗಿದ ದಿನವೇ ಅಲಗನ್ನು ಒಣ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಷಿನ್ ಎಣ್ಣೆ ತೆಳ್ಳಗೆ ಸವರಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪಿಗೂ ತುಕ್ಕು ಹಿಡಿಯುತ್ತದೆ. ಚರ್ಮದ ಒರೆ ತೇವ ಎಳೆದುಕೊಳ್ಳುತ್ತದೆ, ಹಾಗಾಗಿ ಒರೆ ಬೇರೆ ಇಡಿ, ಕತ್ತಿ ಬೇರೆ ಇಡಿ.

ಬೆಳ್ಳಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಮೇಲೆ ಚಿನ್ನದ ನೀರು ಹಾಕಿಸಿದ್ದರೆ ಅದೂ ಕಿತ್ತು ಬರುತ್ತದೆ. ರಬ್ಬರ್ ಬ್ಯಾಂಡ್ ಬೇಡವೇ ಬೇಡ, ಅದರಲ್ಲಿರುವ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಗಂಜಿ ಹಾಕದೆ ಒಗೆದ ಹಳೇ ಪಂಚೆಯಲ್ಲಿ ಸುತ್ತಿದರೆ ಸಾಕು.

ಚಾಮರ ಚಮರೀಮೃಗದ ಬಾಲದ ಕೂದಲು, ಹುಳು ಬೇಗ ಬೀಳುತ್ತದೆ. ಎರಡು ತಿಂಗಳಿಗೊಮ್ಮೆ ಬಿಚ್ಚಿ ನೆರಳಲ್ಲಿ ಕೊಡವಿ. ಛತ್ರಿಯ ರೇಷ್ಮೆಯನ್ನು ಪ್ರತಿ ಸಲ ಅದೇ ಗೆರೆಯಲ್ಲಿ ಮಡಚಿದರೆ ಅಲ್ಲೇ ಹರಿಯುತ್ತದೆ, ಮಡಿಕೆಯೊಳಗೆ ಬಟ್ಟೆಯ ಸುರುಳಿ ಇಡಿ.

ಮೇಲುಕೋಟೆಯ ವೈರಮುಡಿ ಮಂಡ್ಯದ ಖಜಾನೆಯಲ್ಲಿರುತ್ತದೆ, ಉತ್ಸವಕ್ಕೆ ಪೊಲೀಸ್ ಕಾವಲಿನಲ್ಲಿ ಬರುತ್ತದೆ. ಮೈಸೂರಿನ ಸಿಂಹಾಸನದ ಭಾಗಗಳನ್ನು ದಸರಾಕ್ಕೆ ಮುಂಚೆ ಜೋಡಿಸಿ, ಆಮೇಲೆ ಬಿಚ್ಚಿ ಭದ್ರವಾಗಿ ಇಡುತ್ತಾರೆ. ನಮಗೆ ಅಷ್ಟೆಲ್ಲ ಆಗುವುದಿಲ್ಲ. ಎರಡು ಬೀಗ ಹಾಕಿ, ಕೀ ಇಬ್ಬರ ಹತ್ತಿರ ಇರಲಿ. ಪ್ರತಿ ವಸ್ತುವಿನ ಫೋಟೋ, ತೂಕ, ಎಲ್ಲಿ ಬಿರುಕಿದೆ ಅನ್ನುವುದು ಒಂದು ಪುಸ್ತಕದಲ್ಲಿರಲಿ. ನೂರು ವರ್ಷ ದಾಟಿದ ಇಂಥ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ, ವಿದೇಶಕ್ಕೆ ಕಳಿಸುತ್ತೇನೆ ಅನ್ನುವ ವ್ಯಾಪಾರಿಗೆ ಕೊಡಲೇಬೇಡಿ.

ಅದೇ ಪುಸ್ತಕದಲ್ಲಿ ಇನ್ನೊಂದು ಬರೆದಿಡಿ: ಯಾವುದು ಯಾವ ಹಬ್ಬಕ್ಕೆ ಹೊರಗೆ ಬರುತ್ತದೆ, ಛತ್ರಿ ಹಿಡಿಯುವುದು ಯಾವ ಮನೆಯವರು, ಚಾಮರದವರು ಯಾವ ಪಕ್ಕ ನಿಲ್ಲಬೇಕು. ನಮ್ಮೂರಲ್ಲಿ ಇದೆಲ್ಲ ಪೂರ್ತಿ ಗೊತ್ತಿರುವುದು ಈಗ ಇಬ್ಬರು ಅಜ್ಜಂದಿರಿಗೆ ಮಾತ್ರ. ಈ ಭಾನುವಾರ ಅವರ ಜೊತೆ ಜಗಲಿಯಲ್ಲಿ ಕೂತು ಬರೆದುಕೊಳ್ಳುತ್ತೇನೆ.