ಮೆಣಸಿಗೆ ಈಗ ಐದನೇ ಮಳೆಗಾಲ

ಮೆಣಸಿ ಅನ್ನೋ ನಮ್ಮ ಹಂದಿ ಮನೆಗೆ ಬಂದ ದಿನವೇ ಪಕ್ಕದ ತೋಟದ ಅಣ್ಣ ಹೇಳಿದ್ದರು, "ಕೈಲ್ ಪೊಳ್ದ್ ಹಬ್ಬದ ತನಕ ಬೆಳೆಸು ಮಾರಾಯ, ಆಮೇಲೆ ನೋಡುವ." ಅವರ ತಪ್ಪಲ್ಲ. ಕೊಡಗಿನಲ್ಲಿ ಹಂದಿ ಸಾಕದ ಊರಿಲ್ಲ, ಆದರೆ ಹಂದಿ ಹೆಸರು ಹಿಡಿದು ಕರೆದರೆ ಓಡಿ ಬರೋ ಮನೆ ಎಲ್ಲಿದೆ? ನಾನೂ ಪಂದಿ ಕರಿ ತಿನ್ನುವವನೇ. ಇವಳು ಮಾತ್ರ ಬೇರೆ. ಈಗ ಐದನೇ ಮಳೆಗಾಲ ನಡೀತಿದೆ. ಅವಳು ಆರಾಮಾಗಿದ್ದಾಳೆ, ನನ್ನ ತೋಟವೂ ಉಳಿದಿದೆ.

ಬೆಂಗಳೂರಿನಿಂದ ತಂದಿದ್ದು. ಪಾಟ್‌ಬೆಲ್ಲಿ ಜಾತಿ, ಕಪ್ಪು, ಒಣಗಿದ ಕಾಳುಮೆಣಸಿನ ಥರ ಸುಕ್ಕು ಮುಖ. ಅದಕ್ಕೇ ಆ ಹೆಸರು. ಹದಿನೆಂಟು ಸಾವಿರ ಕೊಟ್ಟೆ. ಮಾರಿದವನು "ಹನ್ನೆರಡು ಕಿಲೋ ದಾಟಲ್ಲ ಸಾರ್, ಬೆಕ್ಕಿನ ಥರ ಇರುತ್ತೆ" ಅಂದಿದ್ದ. ನಂಬಿದೆ. ಮರಿಯಾಗಿ ಉಳಿಯೋ ಹಂದಿ ಅಂತ ಯಾವ ಜಾತಿಯೂ ಇಲ್ಲ. ಹೊಟ್ಟೆಗೆ ಕಡಿಮೆ ಹಾಕಿ ಚಿಕ್ಕದಾಗಿ ಇಟ್ಟಿರ್ತಾರೆ, ಅಷ್ಟೇ. ವಿಯೆಟ್ನಾಂ ಮೂಲದ ಈ ಜಾತಿ ನಮ್ಮ ದೊಡ್ಡ ಬಿಳಿ ಹಂದಿಗಿಂತ ಎಷ್ಟೋ ಚಿಕ್ಕದು, ನಿಜ. ಆದರೂ ಮೆಣಸಿ ಈಗ ಐವತ್ತೆಂಟು ಕಿಲೋ ಇದ್ದಾಳೆ, ಕಾಫಿ ಚೀಲ ತೂಗೋ ತಕ್ಕಡಿಯಲ್ಲೇ ತೂಗಿದ್ದು.

ಮೊದಲ ವರ್ಷ ಪೂರ್ತಿ ನಷ್ಟ. ಹಂದಿ ಮೂತಿಯಿಂದ ನೆಲ ಕೆದಕುತ್ತೆ, ಕಾಫಿಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತೆ. ಹನ್ನೊಂದು ರೋಬಸ್ಟಾ ಗಿಡ, ಎರಡು ಹಳೇ ಮೆಣಸಿನ ಬಳ್ಳಿ ಹೋದವು. ಬಿದಿರಿನ ಬೇಲಿಗೆ ಆರು ಸಾವಿರ ಹಾಕಿದೆ, ಮೂರೇ ವಾರಕ್ಕೆ ಅಡಿಯಿಂದ ನುಸುಳಿದಳು. ಯಾರೋ ಹೇಳಿದರು ಅಂತ ಮೂಗಿಗೆ ತಂತಿ ಹಾಕಿಸಿದೆ. ಮಣ್ಣಿಗೆ ಮೂತಿ ಇಡೋದು, ನೋವಿಗೆ ಹಿಂದೆ ಸರಿಯೋದು, ಮತ್ತೆ ಇಡೋದು. ಮೂರನೇ ದಿನ ನಾನೇ ಕತ್ತರಿಸಿ ತೆಗೆದೆ. ಅದೊಂದು ಕೆಲಸ ಮಾಡಬಾರದಿತ್ತು.

ಗೆದ್ದಿದ್ದು ಗುಂಡಿಯಿಂದ. ಕೆದಕೋದನ್ನ ನಿಲ್ಲಿಸೋಕೆ ಆಗಲ್ಲ, ಅದಕ್ಕೊಂದು ಜಾಗ ಕೊಡಬೇಕು. ಮನೆ ಹಿಂದೆ ಹತ್ತು ಅಡಿಗೆ ಹನ್ನೆರಡು ಅಡಿ, ಮೊಣಕಾಲು ಆಳ ತೆಗೆಸಿದೆ. ಸುತ್ತ ಕಲ್ಲು ಕಟ್ಟಿಸಿ ಸಡಿಲ ಮಣ್ಣು, ಮರಳು, ಸಿಲ್ವರ್ ಓಕ್ ಎಲೆ ತುಂಬಿಸಿದೆ. ಎಲ್ಲ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಆಗಿರಬೇಕು. ಬೆಳಿಗ್ಗೆ ಅದರಲ್ಲಿ ಮೊಳಕೆ ಹುರುಳಿ ಹುಗಿದಿಡ್ತೀನಿ. ಎರಡು ಗಂಟೆ ಅವಳು ಅದರಲ್ಲೇ. ಒಂದೇ ಆಳದಲ್ಲಿ ಹುಗಿದರೆ ಹತ್ತೇ ನಿಮಿಷಕ್ಕೆ ಮುಗಿಸ್ತಾಳೆ, ಹಾಗಾಗಿ ಆಳ ಬದಲಾಯಿಸ್ತಾ ಇರಬೇಕು. ಮೊದಲ ವಾರ ತೋಟ ಬಿಟ್ಟು ಗುಂಡಿಗೇ ಬರೋ ಹಾಗೆ ಮಣ್ಣಿಗೆ ಒಂದು ಸಾಮಾನು ಬೆರೆಸಿದ್ದೆ. ಅದೇನು ಅಂತ ಇಲ್ಲಿ ಬರೆಯಲ್ಲ, ಮನೆಗೆ ಬಂದವರಿಗೆ ತೋರಿಸ್ತೀನಿ. ಆಮೇಲೆ ಸತ್ತಿದ್ದು ಒಂದೇ ಒಂದು ಗಿಡ. ಅದೂ ಇವಳಿಂದಲ್ಲ.

ಮಳೆಗಾಲಕ್ಕೆ ಅಂತ ಗೂಡಿಗೆ ಸಿಮೆಂಟ್ ನೆಲ ಮಾಡಿಸಿದ್ದೂ ತಪ್ಪಾಯಿತು. ಆಷಾಢದಲ್ಲಿ ನೆಲ ಒಣಗಲೇ ಇಲ್ಲ. ಜಾರಿ ಹಿಂಗಾಲು ಉಳುಕಿಸಿಕೊಂಡಳು, ಗೊರಸಿನ ಸಂದಿ ಮೆತ್ತಗಾಗಿ ವಾಸನೆ ಹೊಡೆಯಿತು. ಈಗ ಹಸುವಿನ ಕೊಟ್ಟಿಗೆಗೆ ಹಾಕೋ ರಬ್ಬರ್ ಮ್ಯಾಟ್ ಎರಡು, ಮೇಲೆ ಭತ್ತದ ಹುಲ್ಲು. ಒಂದಕ್ಕೆ ಎರಡೂವರೆ ಸಾವಿರ ಬಿತ್ತು. ಸಗಣಿ ಮಾತ್ರ ಅವಳು ಯಾವಾಗಲೂ ಒಂದೇ ಮೂಲೆಯಲ್ಲಿ ಹಾಕ್ತಾಳೆ. ಹಂದಿ ಕೊಳಕು ಅನ್ನುವವರು ಬಂದು ಆ ಗೂಡು ನೋಡಲಿ.

ಊಟ ಕಲಿಸಿದ್ದು ತೋಟದ ಕೆಲಸದವರಿರೋ ನಮ್ಮ ಲೈನ್ ಮನೆಯ ಅಕ್ಕ. ಕಾಡು ಕೆಸ, ಬಾಳೆದಿಂಡು, ಸಿಹಿಗುಂಬಳ ಚೆನ್ನಾಗಿ ಬೇಯಿಸಬೇಕು. ಕೆಸ ಹಸಿ ಹಾಕಿದರೆ ಬಾಯಿ ತುರಿಸುತ್ತೆ. ಜೊತೆಗೆ ಗೋಧಿ ಬೂಸಾ, ರಾಗಿ. ಎರಡು ಹೊತ್ತಿಗೂ ಸೇರಿ ಒಣ ತಿಂಡಿ ಮುಕ್ಕಾಲು ಕಿಲೋ ಮೀರಬಾರದು. ಮಾಂಸದ ಹಂದಿಗೆ ಹಾಕೋ ಲೆಕ್ಕ ಇಲ್ಲಿ ನಡೆಯಲ್ಲ. ಒಂದು ಬೇಸಿಗೆ ಬಿದ್ದ ಹಲಸಿನ ಹಣ್ಣೆಲ್ಲ ಇವಳಿಗೇ ಹಾಕಿ ನೋಡಿದೆ, ಹಣ್ಣಿನ ವಾಸನೆಗೆ ಆನೆ ಬರೋದು ತಪ್ಪಲಿ ಅಂತ. ಆನೆ ಬರೋದು ಕಡಿಮೆಯಾಯಿತೋ ಏನೋ, ಇವಳು ಎರಡೇ ತಿಂಗಳಿಗೆ ಒಂಬತ್ತು ಕಿಲೋ ಏರಿದಳು. ಹಣೆಯ ಕೊಬ್ಬು ಕಣ್ಣಿನ ಮೇಲೆ ಇಳಿದು ದಾರಿಯೇ ಕಾಣದಂತಾಯಿತು. ಆ ತೂಕ ಇಳಿಸೋಕೆ ಎಂಟು ತಿಂಗಳು ಹಿಡಿಯಿತು.

ಎರಡನೇ ಮಳೆಗಾಲದ ಆ ರಾತ್ರಿ ಮಾತ್ರ ಮರೆಯೋಕಾಗಲ್ಲ. ನೆಂಟರ ಮಗು ಪ್ರೀತಿಯಿಂದ ಒಣಮೀನು ಹಾಕಿದೆ, ಒಂದು ಪೊಟ್ಟಣ ಪೂರ್ತಿ. ನೀರಿನ ತೊಟ್ಟಿ ಇವಳೇ ಉರುಳಿಸಿಕೊಂಡಿದ್ದಳು, ಯಾರೂ ನೋಡಿರಲಿಲ್ಲ. ಸಂಜೆ ಹೋದಾಗ ಮೆಣಸಿ ಗೋಡೆಗೆ ಹಣೆ ಒತ್ತಿ ನಿಂತಿದ್ದಾಳೆ. ಕರೆದರೆ ಕಿವಿ ಅಲುಗಲ್ಲ. ಆಮೇಲೆ ಒಂದೇ ಕಡೆ ಸುತ್ತೋಕೆ ಶುರು ಮಾಡಿದಳು. ಡಾಕ್ಟರಿಗೆ ಫೋನ್ ಮಾಡಿದೆ. ಉಪ್ಪು ಮೆದುಳಿಗೆ ಏರಿದೆ, ಒಟ್ಟಿಗೆ ನೀರು ಕುಡಿಸಿದರೆ ಸತ್ತೇ ಹೋಗುತ್ತೆ, ಸ್ವಲ್ಪ ಸ್ವಲ್ಪ ಕೊಡಿ ಅಂದರು. ಕರೆಂಟ್ ಇಲ್ಲ, ತಗಡಿನ ಮೇಲೆ ಮಳೆ. ಟಾರ್ಚ್ ಹಿಡಿದು ಅವ್ವ ಒಂದು ಕಡೆ, ಲೋಟ ಹಿಡಿದು ನಾನು ಒಂದು ಕಡೆ. ಹತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು, ಬೆಳಗಿನ ತನಕ. ಐದು ಗಂಟೆ ಹೊತ್ತಿಗೆ ಲೋಟಕ್ಕೆ ಮೂತಿ ತೂರಿಸಿ ಗೊರ್ ಅಂದಳು. ಅವ್ವ ಅತ್ತೇಬಿಟ್ಟರು. ಈಗ ತೊಟ್ಟಿಯನ್ನ ನೆಲಕ್ಕೆ ಹೂತು ಕಟ್ಟಿಸಿದ್ದೀನಿ.

ನಮ್ಮ ಅಡುಗೆಮನೆಯ ಒಂದು ಚೂರೂ ಈಗ ಅವಳಿಗೆ ಹೋಗಲ್ಲ. ಹಂದಿಮಾಂಸ ತೊಳೆದ ನೀರಂತೂ ದೂರದ ಮಾತು. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಅಸ್ಸಾಂ ಕಡೆ ಕಾಣಿಸಿಕೊಂಡಿತು. ಮನುಷ್ಯರಿಗೆ ಬರಲ್ಲ, ಆದರೆ ಹಂದಿಗೆ ಬಂದರೆ ಔಷಧಿ ಇಲ್ಲ. ಮಾಂಸದಲ್ಲಿ, ಚಪ್ಪಲಿಯಲ್ಲಿ, ಎಲ್ಲದರಲ್ಲೂ ಬರುತ್ತೆ. ಕಾಡುಹಂದಿಗೂ ತಗಲುತ್ತೆ. ಅದಕ್ಕೇ ಎರಡು ಬೇಲಿ ಹಾಕಿಸಿದ್ದೀನಿ, ಮಧ್ಯೆ ನಾಲ್ಕು ಅಡಿ ಖಾಲಿ. ಗೇಟಿನ ಹತ್ತಿರ ಬೇರೆ ಗಮ್‌ಬೂಟ್. ಹಂದಿ ಸಾಕುವವರು ಬಂದರೆ ಕಾಫಿ ಜಗಲಿಯಲ್ಲೇ. ಬೇಜಾರು ಮಾಡಿಕೊಂಡವರಿದ್ದಾರೆ.

ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬಂದು ಮನೆಯ ಬಾಗಿಲು ಗುದ್ದುತ್ತಿದ್ದಳು. ಆಪರೇಷನ್ ಮಾಡಿಸೋಕೆ ಹೋದರೆ ಒಬ್ಬ ಡಾಕ್ಟರು ಅರಿವಳಿಕೆ ತಡೆಯಲ್ಲ ಅಂತ ವಾಪಸ್ ಕಳಿಸಿದರು. ಇನ್ನೊಬ್ಬರು ಧೈರ್ಯ ಮಾಡಿ ಅಂಡಾಶಯದ ಸಮೇತ ಗರ್ಭಕೋಶ ತೆಗೆದರು. ಗಾಡಿ ಬಾಡಿಗೆ ಸೇರಿ ಹನ್ನೆರಡು ಸಾವಿರ. ಅವಳು ಮರಿಯಾಗಿದ್ದಾಗಲೇ ಮಾಡಿಸಿದ್ದರೆ ಅರ್ಧಕ್ಕೆ ಮುಗೀತಿತ್ತು.

ಗೊರಸು ಕತ್ತರಿಸೋದಕ್ಕೆ ಎತ್ತಿ ಹಿಡಿಯಬೇಡಿ. ನಾನು ಎತ್ತಿದೆ. ಅವಳು ಕಿರುಚಿದ್ದು ಕೇಳಿ ಹಂದಿ ಕಡೀತಿದ್ದಾರೆ ಅಂತ ಕೆಳಗಿನ ಮನೆಯವರು ಪಾತ್ರೆ ಹಿಡಿದು ಬಂದರು. ಹೊಟ್ಟೆ ಉಜ್ಜಿ ಸಾಕು. ಮುಂಗಾಲು ಮಡಿಸಿ ಧಡ್ ಅಂತ ಪಕ್ಕಕ್ಕೆ ಬೀಳ್ತಾಳೆ, ಕಣ್ಣು ಅರ್ಧ ಮುಚ್ತಾಳೆ, ಬಾಯಿಂದ ಸಣ್ಣಗೆ ಉಸಿರು ಬಿಡ್ತಾಳೆ. ಎಡಗೈ ಉಜ್ಜುತ್ತಲೇ ಇರಬೇಕು, ಬಲಗೈಯಲ್ಲಿ ಕಾಫಿ ಕಸಿ ಮಾಡೋ ಕತ್ತರಿ. ಒಂದು ಸಲಕ್ಕೆ ಎರಡೇ ಕಾಲು. ಬಿಳಿ ಭಾಗ ಮಾತ್ರ. ಉಜ್ಜೋದು ನಿಲ್ಲಿಸಿದರೆ ಎದ್ದುಬಿಡ್ತಾಳೆ.

ಬಾಗಿಲಿಗೆ ಹಸುವಿನ ಕೊರಳ ಗಂಟೆ ಕಟ್ಟಿದ್ದೀನಿ, ನಾಲ್ಕೇ ದಿನದಲ್ಲಿ ಕಲಿತಳು. ಹೊರಗೆ ಹೋಗಬೇಕಾದರೆ ಮೂತಿಯಿಂದ ಬಾರಿಸ್ತಾಳೆ. ಪಕ್ಕದ ತೋಟದ ಅಣ್ಣ ಹೋದ ಭಾನುವಾರ ಬಂದವರು ಜಗಲಿಯಲ್ಲಿ ಕೂತು ಅದನ್ನೇ ನೋಡ್ತಾ ಇದ್ದರು. ಕಾಫಿ ಮುಗಿಸಿ, ಗುಂಡಿಯ ಅಳತೆ ಎಷ್ಟು ಅಂದೆ ನೀನು ಅಂತ ಕೇಳಿದರು.