ಮನ್ಯಾಗ ಕುಂತು ರೇಸ್ ಗಾಡಿ ಚಾಸಿ ಕಟ್ಟಿದ ನನ್ನ ಅನುಭವ

ನಾ ಮಾಡಿದ ಮೊದಲನೇ ರೋಲ್ ಕೇಜ್, ಅಂದ್ರ ಗಾಡಿ ಪಲ್ಟಿ ಆದ್ರ ಡ್ರೈವರ್‌ನ ಕಾಯೋ ಪೈಪಿನ ಪಂಜರ, ಈಗ ಭಂಗಾರದಾಗೈತಿ. ಬಂಗಾರ ಅಲ್ರಿ, ಭಂಗಾರ, ನಮ್ಮ ಬೆಳಗಾವಿಯಾಗ ಗುಜರಿಗೆ ಹಂಗ ಅಂತೀವಿ. ಮೂರು ತಿಂಗಳು ಡ್ಯೂಟಿ ಮುಗಿಸಿ ರಾತ್ರಿ ಕುಂತು ಕಟ್ಟಿದ್ದು, ಕಿಲೋ ಲೆಕ್ಕದಾಗ ಹೋತು. ಕಾರಣ ಹೇಳಿದ್ರ ನಗ್ತೀರಿ. ಎಲ್ಲಾ ವೆಲ್ಡ್ ಆದ ಮ್ಯಾಲ ಹೆಲ್ಮೆಟ್ ಹಾಕ್ಕೊಂಡು ಒಳಗ ಕುಂತ್ನಿ, ತಮ್ಮ ಒಂದು ಸ್ಟೀಲ್ ಪಟ್ಟಿ ತಗೊಂಡು ಮುಂದಿನ ಹೂಪ್‌ಗೂ (ಕೇಜಿನ ಕಮಾನು ಪೈಪ್) ಹಿಂದಿನ ಹೂಪ್‌ಗೂ ಅಡ್ಡ ಇಟ್ಟು ನೋಡಿದ, ಪಟ್ಟಿ ನನ್ನ ಹೆಲ್ಮೆಟ್‌ಗೆ ಟಕ್ ಅಂತ ಬಡೀತು. ಅಂದ್ರ ಗಾಡಿ ಪಲ್ಟಿ ಆದ್ರ ನೆಲಕ್ಕ ಮೊದಲು ತಾಗೂದು ಪೈಪ್ ಅಲ್ಲ, ನನ್ನ ತಲಿ. ಕಾಲೇಜ್ ಹುಡುಗರ ಫಾರ್ಮುಲಾ ಸ್ಟೂಡೆಂಟ್ ರೂಲ್ಸ್‌ದಾಗ ಎರಡೂ ಹೂಪ್ ತುದಿ ಕೂಡಿಸೋ ಗೆರಿಗಿಂತ ಹೆಲ್ಮೆಟ್ 5 ಸೆಂಟಿಮೀಟರ್ ಕೆಳಗ ಇರಬೇಕು ಅಂತ ಐತಿ, ಅದನ್ನ ನಾ ಓದಿದ್ದೂ ಓದಿದ್ನಿ, ಆದ್ರ ಅಳತಿ ತಗೊಂಡಾಗ ಬರೇ ತಲಿಯಿಂದ ಕುಂತಿದ್ನಿ.

ಗಾಡಿ ಏನಂದ್ರ, ಆಟೋಕ್ರಾಸ್‌ಗೆ, ಅಂದ್ರ ಮಣ್ಣಿನ ಟ್ರ್ಯಾಕಿನ ರೇಸಿಗೆ, ಒಂದೇ ಸೀಟಿನದು, ಇಂಜಿನ್ ಹಿಂದ. ಹಳೇ ಮಾರುತಿ 800 ಒಂದನ್ನ ಬಿಚ್ಚಿ ಅದರ 796 ಸಿಸಿ ಮೂರು ಸಿಲಿಂಡರ್ ಇಂಜಿನ್, ಗೇರ್‌ಬಾಕ್ಸ್, ಡ್ರೈವ್ ಶಾಫ್ಟ್, ನಕಲ್ (ಗಾಲಿ ಕೂಡೋ ಗಟ್ಟಿ ಕಬ್ಬಿಣದ ತುಂಡು) ಸಮೇತ ಇಡೀ ಮುಂದಿನ ಸೆಟ್ ಎತ್ತಿ ಡ್ರೈವರ್ ಬೆನ್ನ ಹಿಂದ ಕುಂದರ್ಸೂದು. ಇದೇನ ಹೊಸಾದಲ್ಲ, ಕೊಯಮತ್ತೂರಿನ ಕರಿವರ್ಧನ್ ಅವರು 1980ರ ದಶಕದಾಗೇ ಇದೇ ಮಾರುತಿ ಇಂಜಿನ್ ಹಾಕಿ ಫಾರ್ಮುಲಾ ಮಾರುತಿ ಅನ್ನೋ ರೇಸ್ ಗಾಡಿ ಕಟ್ಟಿದವ್ರು, ಅಲ್ಲಿಯ ಕರಿ ಮೋಟರ್ ಸ್ಪೀಡ್‌ವೇ ಅವರ ಹೆಸರಿಂದು. ನಾ ಉದ್ಯಮಬಾಗದ ಒಂದು ಮಷೀನ್ ಶಾಪ್‌ನಾಗ ಕೆಲಸಾ ಮಾಡ್ತೀನಿ, ಲೇಥ್ ಮಿಲ್ಲಿಂಗ್ ಗೊತ್ತು, ವೆಲ್ಡಿಂಗ್ ಗೊತ್ತು ಅಂತ ತಿಳ್ಕೊಂಡಿದ್ನಿ. ಇನ್ನೊಂದು, ಇಂಥಾ ಗಾಡಿ ರೋಡಿಗೆ ತರಾಕ ಬರೂದಿಲ್ಲ, ಮೋಟಾರು ವಾಹನ ಕಾಯ್ದೆ 52ನೇ ಕಲಮು ನೋಡ್ರಿ, ರಿಜಿಸ್ಟರ್ ಆದ ಗಾಡಿನೇ ಮನಸಿಗೆ ಬಂದಂಗ ಬದಲಾಸೂ ಹಂಗಿಲ್ಲ, ಇನ್ನ ಇದಂತೂ ಟೆಂಪೋದಾಗ ಹೇರ್ಕೊಂಡೇ ಹೋಗಬೇಕು.

ಎರಡನೇ ಸಲ ಸೀಟಿನಿಂದ ಶುರು ಮಾಡಿದ್ನಿ. ಶೆಡ್‌ದಾಗ ಎರಡು ಹಳೇ ಐ-ಗರ್ಡರ್ ಹಾಸಿ, ಗೌಂಡಿಗಳು ಹಿಡೀತಾರಲ್ಲ ಆ ನೀರಿನ ಪೈಪ್ ಲೆವೆಲ್, ಅದರಿಂದ ನಾಕೂ ತುದಿ ಒಂದೇ ಲೆವೆಲ್ ಮಾಡಿದ್ನಿ. ಪಾರದರ್ಶಕ ಪೈಪ್‌ದಾಗ ನೀರು ತುಂಬಿ ಒಂದ್ ಕಡೆ ತಮ್ಮ, ಇನ್ನೊಂದ್ ಕಡೆ ನಾನು, ಒಳಗ ಒಂದು ಗುಳ್ಳಿ ಸೈತ ಇರಬಾರದು, ಗುಳ್ಳಿ ಇದ್ರ ಲೆವೆಲ್ ಸುಳ್ಳು ಹೇಳತೈತಿ. ಆಮ್ಯಾಲ ಸೀಟ್ ಅದರ ಮ್ಯಾಲ ಇಟ್ಟು, ಪೆಡಲ್ ಜಾಗಾದಾಗ ಒಂದು ಇಟ್ಟಂಗಿ ಇಟ್ಟು, ಹೆಲ್ಮೆಟ್ ಹಾಕಿ, ಬೂಟ್ ಹಾಕಿ ಅರ್ಧಾ ತಾಸು ಸುಮ್ಮ ಕುಂತ್ನಿ. ಅವ್ವ ಚಾ ತಂದಾಕಿ "ಏನೋ ಇದು, ಗಾಡಿ ಇಲ್ಲ ಏನಿಲ್ಲ, ಹೆಲ್ಮೆಟ್ ಹಾಕ್ಕೊಂಡು ಕುಂತೀಯಲ್ಲೋ" ಅಂದ್ಲು. ಮೊಣಕೈ ಎಲ್ಲಿ ಬಡೀತೈತಿ, ಮೊಣಕಾಲು ಎಲ್ಲಿ ಬರತೈತಿ, ಹೆಗಲ ಎತ್ತರ ಎಷ್ಟು, ಎಲ್ಲಾ ತಮ್ಮ ಚಾಕ್‌ದಿಂದ ಗೋಡಿಗೆ ಗುರ್ತು ಮಾಡಿದ. ಹೆಗಲಿನ ಎತ್ತರ ಭಾಳ ಮುಖ್ಯ ಐತಿ, ಯಾಕಂದ್ರ ಸೀಟ್ ಬೆಲ್ಟ್ ಕಟ್ಟೋ ಅಡ್ಡ ಪೈಪ್ ಅಲ್ಲೇ ಬರೂದು, ಹೆಗಲಿಂದ ಹಿಂದಕ್ಕ ಸೀದಾ ಇಲ್ಲಾ ಸ್ವಲ್ಪ ಇಳಿಜಾರು ಇರಬೇಕು, ಭಾಳ ಕೆಳಗ ಕಟ್ಟಿದ್ರ ಬೆಲ್ಟ್ ಜಗ್ಗಿದಾಗ ಬೆನ್ನೆಲುಬು ಕೆಳಗ ಒತ್ತತೈತಿ.

ಈಗ ಪೈಪ್ ಸುದ್ದಿ. ಕೇಜ್‌ಗೆ ಎಫ್‌ಐಎ (ಜಗತ್ತಿನ ಮೋಟರ್ ರೇಸ್ ಸಂಸ್ಥೆ) ರೂಲ್ ಹೇಳೂದು ಕೋಲ್ಡ್ ಡ್ರಾನ್ ಸೀಮ್‌ಲೆಸ್, ಅಂದ್ರ ತಣ್ಣಗ ಎಳದ ಜೋಡಣಿ ಇಲ್ಲದ ಕಾರ್ಬನ್ ಸ್ಟೀಲ್, ಮೇನ್ ಹೂಪ್, ಅಂದ್ರ ಡ್ರೈವರ್ ಹಿಂದಿನದು, 45 ಮಿಮೀ ಹೊರಗಿನ ಅಳತಿ 2.5 ಮಿಮೀ ದಪ್ಪ, ಇಲ್ಲಾ 50 ಕ್ಕ 2, ಉಳಿದದ್ದು 38 ಕ್ಕ 2.5 ಇಲ್ಲಾ 40 ಕ್ಕ 2. ಇದನ್ನ ಅಂಗಡಿಯಾಗ ಕೇಳಿದ್ರ "ಒಂದೂವರಿ ಇಂಚ್ ಪೈಪ್ ಒಯ್ಯಿರಿ, ಅದ ಇದು" ಅಂತಾರ. ಅಲ್ಲೇ ಮೋಸ ಹೋಗೂದು ನೋಡ್ರಿ, ನೀರಿನ ಪೈಪ್‌ನ ಒಂದೂವರಿ ಇಂಚ್ ಅಂದ್ರ ಹೊರಗ 48.3 ಮಿಮೀ ಇರತೈತಿ, ಇಂಚ್ ಅನ್ನೂದು ಬರೇ ಹೆಸರು. ನಾ ಕೊಲ್ಲಾಪುರದಿಂದ 45ರ ಸೀಮ್‌ಲೆಸ್ಸೇ ತರಿಸಿದ್ನಿ, ಸರಿ ಮಾಲೇ ಬಂತು, ಆದ್ರ ಬಗ್ಸಾಕ ಗೆಳೆಯಾನ ಕಡೆ ಇದ್ದ ಹೈಡ್ರಾಲಿಕ್ ಪೈಪ್ ಬೆಂಡರ್ ತಂದ್ನಿ, ಅದರ ಅಚ್ಚು ಒಂದೂವರಿ ಇಂಚ್ ನೀರಿನ ಪೈಪಿಂದು. 48ರ ಅಚ್ಚಿನಾಗ 45ರ ಪೈಪ್, ಸುತ್ತ ಸಡ್ಲ, ಜಾಕ್ ಒತ್ತಿದಂಗ ಬೆಂಡಿನ ಜಾಗಾ ಪಪ್ಪಾಯಿ ಗತೆ ಚಪ್ಪಟಿ ಆಗಾಕತ್ತು. ವರ್ನಿಯರ್ ಹಚ್ಚಿ ನೋಡಿದ್ರ ಒಂದ್ ಕಡೆ 49, ಇನ್ನೊಂದ್ ಕಡೆ 38. ಸಣ್ಣದನ್ನ ದೊಡ್ಡದರಿಂದ ಭಾಗಿಸಿದ್ರ 0.9 ಕ್ಕಿಂತ ಕಡಿಮಿ ಬರಬಾರದು ಅಂತೈತಿ ರೂಲು, ನಂದು 0.78. ಕಡೀಕ ಇಂಡಸ್ಟ್ರಿಯಲ್ ಏರಿಯಾದಾಗ ಮ್ಯಾಂಡ್ರೆಲ್ ಬೆಂಡಿಂಗ್ (ಪೈಪಿನೊಳಗ ಗುಂಡು ಕಬ್ಬಿಣ ಇಟ್ಟು ಬಗ್ಸೂದು) ಮಾಡೋರ ಕಡೆ 45ರದೇ ಡೈ ಸಿಕ್ತು, ಬೆಂಡಿನ ತ್ರಿಜ್ಯ ಪೈಪಿನ ಮೂರು ಪಟ್ಟು, ಅಂದ್ರ 135 ಮಿಮೀಗಿಂತ ಕಡಿಮಿ ಬ್ಯಾಡ ಅಂತ ಮೊದಲೇ ಹೇಳಿ ಮಾಡ್ಸಿದ್ನಿ. ನಾಕು ಬೆಂಡ್‌ಗೆ ಇಷ್ಟು ರೊಕ್ಕ ಕೊಡಬೇಕಾ ಅಂತ ಮನಸಿಗೆ ಬಂದಿತ್ತು, ಆದ್ರ ಕೈಯಾಗ ಹಿಡಿದಾಗ ಆ ಬೆಂಡ್ ಎಷ್ಟು ಗುಂಡಗಿತ್ತು ಅಂದ್ರ ರೊಕ್ಕದ ಸುದ್ದಿ ಮರ್ತೇಹೋತು. ಜಿಐ, ಅಂದ್ರ ಜಿಂಕ್ ಬಳದ ಪೈಪ್ ಅಂತೂ ಯಾವ ಕಾರಣಕ್ಕೂ ಬ್ಯಾಡ್ರಿ, ವೆಲ್ಡ್ ಮಾಡಿದಾಗ ಬರೋ ಜಿಂಕ್ ಹೊಗಿ ಕುಡಿದ್ರ ರಾತ್ರಿ ಚಳಿಜ್ವರ ಬರತೈತಿ.

ಪೈಪಿಗೆ ಪೈಪ್ ಕೂಡಿಸೋ ತುದಿ ಫಿಶ್‌ಮೌತ್ ಕಟ್, ಮೀನಿನ ಬಾಯಿ ಗತೆ. ಹೋಲ್ ಸಾ ಡ್ರಿಲ್ ಮಷೀನಿಗೆ ಹಾಕಿ ಹೊಡದ್ನಿ, ಕೋನ ಜಾಸ್ತಿ ಇದ್ದಲ್ಲಿ ಪೇಪರ್ ಸುತ್ತಿ ಗೆರಿ ಎಳದು ಗ್ರೈಂಡರ್‌ದಿಂದ. ಸಂದಿ ಒಂದು ಮಿಲಿಮೀಟರ್‌ಗಿಂತ ಹೆಚ್ಚಿದ್ರ ಆ ತುಂಡು ಬಾಜೂಕ ಇಟ್ಟು ಹೊಸಾದು ಕಟ್ ಮಾಡಿದ್ನಿ, ಬೇಜಾರಿನ ಕೆಲಸ, ಇದರ ಬಗ್ಗೆ ಹೆಚ್ಚ ಹೇಳೂದೇನಿಲ್ಲ.

ವೆಲ್ಡಿಂಗ್ ಬಗ್ಗೆ ಮಾತ್ರ ಹೇಳ್ಲೇಬೇಕು. ಮನಿ ಸಾಕೆಟ್ 15 ಆಂಪ್ಸಿಂದು, ಮಿಗ್ ಮಷೀನ್ (ವಾಯರ್, ಗ್ಯಾಸ್ ಎರಡೂ ಬಿಡೋ ವೆಲ್ಡಿಂಗ್ ಮಷೀನ್) ಹಚ್ಚಿ ಕರೆಂಟ್ ಏರಿಸಿದ ಕೂಡ್ಲೇ ಎಂಸಿಬಿ ಬೀಳೂದು. ಮೊದಲನೇ ಕೇಜ್ ಮಾಡೂವಾಗ ನಾ ಶಾಣ್ಯಾತನ ಮಾಡಿ ಕರೆಂಟ್ ಇಳಿಸಿದ್ನಿ, 70 ಆಂಪ್ಸ್, ಎಂಸಿಬಿ ಬೀಳ್ಲಿಲ್ಲ, ಬೀಡ್ (ವೆಲ್ಡಿನ ಗೆರಿ) ಏನ್ ಛಂದ ಬಂತು ಅಂದ್ರ ನಾಣ್ಯ ಜೋಡ್ಸಿಟ್ಟಂಗ, ಫೋಟೋ ಹೊಡದು ಎಲ್ಲಾರಿಗೂ ಕಳಿಸಿದ್ನಿ. ನಮ್ಮ ಓಣ್ಯಾಗ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದ ಕಾಕಾ ಒಬ್ರದಾರ, ಅವರು ಬಂದು ಬೀಡ್ ನೋಡಿ ಏನೂ ಅನ್ಲಿಲ್ಲ, "ಇಂಥಾದ ಇನ್ನೊಂದು ತುಂಡು ಮಾಡು ತಮ್ಮಾ" ಅಂದ್ರು. ಮಾಡಿ ಕೊಟ್ನಿ. ವೈಸ್‌ಗೆ ಹಿಡಿದು ಸುತ್ತಿಗಿಯಿಂದ ಎರಡ ಏಟು. ಎರಡನೇದಕ್ಕ ವೆಲ್ಡ್ ಇಡೀದ ಎದ್ದು ಬಂತು, ಉಬ್ಬಿದ ರೊಟ್ಟಿ ಮ್ಯಾಲಿನ ಪದರ ಏಳತೈತಲ್ಲ ಹಂಗ, ಕೆಳಗ ಪೈಪಿನ ಮ್ಯಾಲ ಗ್ರೈಂಡರ್ ಗೆರಿ ಹಂಗ್ಹಂಗೇ ಕಾಣಾಕತ್ತಿದ್ವು. "ಇದು ವೆಲ್ಡಲ್ಲಪ್ಪಾ, ಗೋಂದು ಹಚ್ಚೀದಿ" ಅಂದ್ರು ಕಾಕಾ. ಆವತ್ತಿಂದ ಆ ಮೊದಲನೇ ಕೇಜಿನ ಹೂಪ್ ನೋಡಿ ನನಗ ನಿದ್ದಿ ಬರ್ಲಿಲ್ಲ, ಎತ್ತರ ಸರಿ ಇದ್ದಿದ್ರೂ ಆ ಕೇಜ್ ಭಂಗಾರಕ್ಕ ಹೋಗೂದೇ ಇತ್ತು.

ಆಮ್ಯಾಲ ಎಲೆಕ್ಟ್ರಿಶನ್ ಕರೆಸಿ ಮೇನ್ ಬೋರ್ಡಿಂದ ದಪ್ಪ ವಾಯರ್ ಬ್ಯಾರೆ ಲೈನ್, 32 ಆಂಪ್ಸ್ ಎಂಸಿಬಿ. 0.8 ಮಿಮೀ ವೆಲ್ಡಿಂಗ್ ವಾಯರ್, ಆರ್ಗಾನ್ ಮಿಕ್ಸ್ ಗ್ಯಾಸ್, 110 ಆಂಪ್ಸ್ ಹತ್ರ. ಪ್ರತಿ ರಾತ್ರಿ ಕೆಲಸಾ ಶುರು ಮಾಡೂ ಮೊದಲು ಅದೇ ದಪ್ಪದ ಒಂದು ತುಂಡು ವೆಲ್ಡ್ ಮಾಡಿ ಅಡ್ಡ ಕೊಯ್ದು ಒಳಗ ನೋಡೂದು, ಪೈಪ್ ಹರದ್ರೂ ವೆಲ್ಡ್ ಏಳಬಾರದು. ನಮ್ಮ ಶೆಡ್‌ಗೆ ಮೂರೇ ಗ್ವಾಡಿ, ನಾಕನೇದು ತಾಡಪತ್ರಿ, ಮಳಗಾಲದ ಗಾಳಿಗೆ ಗ್ಯಾಸ್ ಹಾರಿ ಹೋಗಿ ವೆಲ್ಡ್‌ನಾಗ ಸಣ್ಣ ಸಣ್ಣ ತೂತು ಬೀಳ್ತಿದ್ವು. ರಾತ್ರಿ ತಿಕ್ಕಿ ಬೆಳ್ಳಿ ಮಾಡಿಟ್ಟ ಪೈಪ್ ಮುಂಜಾನಿ ಕೆಂಪಗ ಆಗಿರೂದು, ಬೆಳಗಾವಿ ಜಿಟಿಜಿಟಿ ಮಳಿ ನಿಮಗ ಗೊತ್ತೈತಲ್ಲ. ಬೀಡ್ ಮ್ಯಾಲ ಗ್ರೈಂಡರ್ ಹೊಡದು ಸಪಾಟ ಮಾಡಬ್ಯಾಡ್ರಿ, ಛಂದ ಕಂಡ್ರೂ ತಾಕತ್ತು ಅಲ್ಲೇ ಹೋಗತೈತಿ.

ಕೆಳಗಿನ ಫ್ರೇಮ್ 25 ಕ್ಕ 25 ಚೌಕ ಪೈಪ್, 2 ಮಿಮೀ. ಮೊದಲು ಎಲ್ಲಾ ಟಾಕಾ ಅಷ್ಟೇ ಹೊಡದು, ಮೂಲಿಯಿಂದ ಮೂಲಿಗೆ ಅಳದು, ಆಮ್ಯಾಲ ಒಂದು ಎಡಕ್ಕ ಒಂದು ಬಲಕ್ಕ ಹಿಂಗ ಬದಲಾಸಿಕೋತ ಫುಲ್ ವೆಲ್ಡ್ ಮಾಡಿದ್ನಿ, ಒಂದೇ ಕಡೆ ಮಾಡಿಕೋತ ಹೋದ್ರ ಫ್ರೇಮ್ ಬಾಳಿಹಣ್ಣಿನಂಗ ಬಾಗತೈತಿ. ಓರೆ ಪೈಪ್ ಯಾಕ ಬೇಕು ಅಂತ ತಮ್ಮ ಕೇಳಿದ್ದಕ್ಕ ಅಜ್ಜನ ಹಳೇ ಹೊರಸು ತೋರ್ಸಿದ್ನಿ, ಒಂದು ಕಾಲು ಒದ್ರ ಇಡೀ ಹೊರಸು ಓರೆ ಆಗತೈತಿ, ಮೂಲಿಯಿಂದ ಮೂಲಿಗೆ ಒಂದು ಕಟ್ಟಿಗಿ ಬಡದ್ರ ಅಲ್ಲಾಡೂದಿಲ್ಲ. ಬರೇ ಹೊರಸಿನ ಮಾತಿನ ಮ್ಯಾಲ ನಂಬಿ ಕೂಡ್ಲಿಲ್ಲ, ಫ್ರೇಮ್ ಎಷ್ಟು ತಿರುಚತೈತಿ ಅಂತ ಅಳದ್ನಿ. ಹಿಂದಿನ ಭಾಗ ಗರ್ಡರ್‌ಗೆ ಬೋಲ್ಟ್ ಹಾಕಿ, ಮುಂದಿನ ನಡುಕ ಒಂದು ರೌಂಡ್ ಬಾರ್ ಇಟ್ಟು, ಒಂದು ಮೀಟರ್ ಉದ್ದದ ತೋಳು ಅಡ್ಡ ಕಟ್ಟಿ ಅದರ ತುದಿಗೆ 50 ಕಿಲೋ ಸಿಮೆಂಟ್ ಚೀಲ. ಎರಡೂ ಕಡೆ 1.2 ಮೀಟರ್ ಅಂತರದಾಗ ಡಯಲ್ ಗೇಜ್. ಕೇಜ್ ಇಲ್ಲದಾಗ ಎರಡೂ ಕೂಡಿ 13 ಮಿಮೀ ತಿರುಗ್ತು, ಲೆಕ್ಕಕ್ಕ ಒಂದು ಡಿಗ್ರಿಗೆ 790 ನ್ಯೂಟನ್ ಮೀಟರ್ ಹತ್ರ, ಈ ಅಂಕಿ ಎಷ್ಟು ದೊಡ್ಡದೋ ಫ್ರೇಮ್ ಅಷ್ಟು ಗಟ್ಟಿ. ಕೇಜ್ ಕೂಡಿಸಿ, ಹಿಂದ ಎಕ್ಸ್ ಆಕಾರದ ಓರೆ ಪೈಪ್ ಹಾಕಿದ ಮ್ಯಾಲ 6 ಮಿಮೀ, ಅಂದ್ರ 1700. ತೂಕ ಅಷ್ಟೇನ ಏರಿಲ್ಲ, 38ರ ಪೈಪ್ ಮೀಟರಿಗೆ 2.2 ಕಿಲೋ.

ತಲಿ ಬಡಿಯೋ ಜಾಗಾದಾಗೆಲ್ಲಾ ಪ್ಯಾಡಿಂಗ್ ಹಾಕೇನಿ, ಎಸಿ ಪೈಪಿನ ಕರೀ ಫೋಮ್ ಅಲ್ಲ, ಅದು ಬೆರಳಿಲೆ ಒತ್ತಿದ್ರೇ ಚಪ್ಪಟಿ ಆಗತೈತಿ, ಎಫ್‌ಐಎ 8857-2001 ಅಂತ ಬರದಿರೋ ಗಟ್ಟಿ ಪ್ಯಾಡ್ ಬ್ಯಾರೆನೇ ಬರತೈತಿ.

ಒಂದು ಕಡೆ ಇನ್ನೂ ತ್ರಾಸ ಐತಿ. ಮುಂದಿನ ನಕಲ್ ಹಿಂದ ಹಾಕಿದಾಗ ಸ್ಟೇರಿಂಗ್ ಟೈ-ರಾಡ್ (ಗಾಲಿ ತಿರುಗ್ಸೋ ಸಳಿ) ಚಾಸಿಗೆ ಕಟ್ಟಿ ಲಾಕ್ ಮಾಡಬೇಕಾಗತೈತಿ. ನಾ ಅದನ್ನ ಜಾಗಾ ಸಿಕ್ಕಲ್ಲಿ ಕಟ್ಟಿದ್ನಿ. ಲೋವರ್ ಆರ್ಮ್, ಅಂದ್ರ ಗಾಲಿನ ಚಾಸಿಗೆ ಕೂಡಿಸೋ ಕೆಳಗಿನ ತೋಳು, ಒಂದು ಕಮಾನಿನಾಗ ತಿರುಗತೈತಿ, ಟೈ-ರಾಡ್ ಇನ್ನೊಂದು ಕಮಾನಿನಾಗ, ಹಿಂಗಾಗಿ ಗುಂಡಿಯೊಳಗ ಇಳಿದಾಗೆಲ್ಲಾ ಹಿಂದಿನ ಗಾಲಿ ತಾನೇ ತಿರುಗೂದು. ಮಾಮಾನ ಕಬ್ಬು ಕಟಾವ್ ಆದ ಹೊಲದಾಗ ಹೊಡದು ನೋಡಿದ್ರ ಗಾಡಿ ಕುಡದವನಂಗ ಹಿಂದಿನಿಂದ ಓಲಾಡತಿತ್ತು, ಮನಿಗೆ ತಂದು ತೊಳದು ನೋಡಿದ್ರ ಬಲಗಡಿ ಟೈ-ರಾಡ್ ಬ್ರಾಕೆಟ್ ಬುಡಕ್ಕ ಕೂದಲದಷ್ಟು ಬಿರುಕು. ಕೇಜ್‌ಗೆ ಏನೂ ಆಗಿಲ್ಲ. ಬ್ರಾಕೆಟ್ ಕೊಯ್ದು ತಗದೇನಿ, ಹೊಸಾದು ಲೋವರ್ ಆರ್ಮ್ ಬೋಲ್ಟಿನ ಸಾಲಿಗೇ ಬರೂಹಂಗ ಗಸೆಟ್ (ಮೂಲಿಗೆ ಆಸರ ಕೊಡೋ ತ್ರಿಕೋನ ಪಟ್ಟಿ) ಸಮೇತ ಕಟ್ ಮಾಡಿ ಇಟ್ಟೇನಿ, ಈಗ ಲೈಟ್ ಹೋಗೈತಿ, ಬಂದ್ರ ರಾತ್ರಿ ಹಚ್ಚೂದು.